ಸವಳು ಹೊಂಡದ ಹೂಮೀನು

2025ರ ಏಪ್ರಿಲ್ 15, ಮಂಗಳವಾರ. ಬೆಳಿಗ್ಗೆ 7.40. ಮೂಡಲಗಿ ತಾಲೂಕಿನ ಕರಿಮಡ್ಡಿ ಪೊಲೀಸ್ ಠಾಣೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಬುಟ್ಟಿಯೊಂದು ಬಂದು ಕೂತಿತು. ಬುಟ್ಟಿಯ ತುಂಬ ಸತ್ತ ಮೀನು. ಹೊತ್ತು ತಂದವಳು ಅದೇ ಊರಿನ ರಾಯವ್ವ ಸಾತಪ್ಪ ಕಾಂಬಳೆ, ವಯಸ್ಸು ಐವತ್ತೆರಡು. ಅವಳ ಹಿಂದೆ ಮಗಳು ನಂದಿನಿ ನಿಂತಿದ್ದಳು.

ಹೆಡ್ ಕಾನ್‌ಸ್ಟೆಬಲ್ ಲಗಮಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡರು.

“ರಾಯವ್ವಕ್ಕ, ಇದನ್ನ ಹೊರಗ ಕಟ್ಟಿ ಮ್ಯಾಲೆ ಇಡ್ರಿ. ಇಲ್ಲಿ ಕಾಗದಪತ್ರ ಅದಾವು.”

“ಕಾಗದದಾಗ ಇವು ಬರೂತನಾ ಇಲ್ಲೇ ಇರತಾವ್ರಿ.”

ಲಗಮಪ್ಪ ಇಪ್ಪತ್ತಾರು ವರ್ಷ ಸರ್ವಿಸು ಮಾಡಿದವರು. ಯಾವ ಹೆಂಗಸನ್ನು ಗದರಿಸಿ ಕಳಿಸಬಹುದು, ಯಾರನ್ನು ಕಳಿಸಲಾಗುವುದಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಸುಮ್ಮನೆ ಒಳಗೆ ಹೋಗಿ ಪಿಎಸ್ಐ ರಾಜೇಶ್ವರಿ ಅವರನ್ನು ಕರೆತಂದರು.

ರಾಜೇಶ್ವರಿ ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಹುಕ್ಕೇರಿ ತಾಲೂಕಿನ ಲಿಂಗಾಯತ ರೈತರ ಮನೆಯ ಮಗಳು, ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಓದಿ ಪೊಲೀಸ್ ಪರೀಕ್ಷೆ ಪಾಸು ಮಾಡಿದವರು. ತವರಿನ ಒಲೆಯ ಮೇಲೆ ಒಂದು ಮೊಟ್ಟೆ ಕೂಡ ಬೆಂದದ್ದಿಲ್ಲ. ಆದರೂ ಬಾಗಿ ಬುಟ್ಟಿಯೊಳಗೆ ನೋಡಿದರು. ಬೆಳ್ಳಿಬಣ್ಣದ ಉದ್ದನೆಯ ಮೀನು, ಎಲ್ಲವೂ ಬಾಯಿ ತೆರೆದುಕೊಂಡಿದ್ದವು.

“ಯಾವ ಮೀನ್ರಿ ಇವು?”

“ಹೂಮೀನ್ರಿ. ಕುಮಟಾ ಕಡೆಯಿಂದ ಮರಿ ತಂದ ಬೆಳಸಿದ್ವು.”

“ಯಾವಾಗ ಸತ್ವು?”

“ನಿನ್ನೆ ಹತ್ತಕ್ಕ ಮೇವ ಹಾಕಿದಾಗ ಚೊಲೋ ಇದ್ವು. ಸಂಜೀ ಆರೂವರಿಗೆ ಬಂದ್ರ ಹೊಂಡದ ತುಂಬ ತೇಲಾಕತ್ತಿದ್ವು.”

“ನಡುವ ಅಲ್ಲಿ ಯಾರ ಇದ್ರು?”

“ಯಾರೂ ಇಲ್ರಿ. ನಿನ್ನೆ ಅಂಬೇಡ್ಕರ್ ಜಯಂತಿ. ನಮ್ಮ ಓಣಿ ಅಂದ್ರ ಓಣೀನ ಮೂಡಲಗಿ ಮೆರವಣಿಗಿಗೆ ಹೋಗಿತ್ತು. ವರ್ಷಕ್ಕ ಒಂದ ದಿನಾ ಮನಿಗೆ ಕೀಲಿ ಹಾಕತೇವಿ.”

“ಯಾರ ಮ್ಯಾಲೆ ಸಂಶಯ ಐತಿ?”

“ನಾ ಯಾರನ್ನೂ ನೋಡಿಲ್ರಿ. ನೋಡದ್ದ ಹೇಳಿದ್ರ ನಾಳೆ ಕೋರ್ಟನ್ಯಾಗ ಈ ಮೀನಿನಗತೆ ಬಾಯಿ ತಗದ ನಿಲ್ಲಬೇಕಾಗತೈತಿ. ಹುಡಕೂದ ನಿಮ್ಮ ಕೆಲಸ.”

8.25ಕ್ಕೆ ಎಫ್ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 41/2025, ಭಾರತೀಯ ನ್ಯಾಯ ಸಂಹಿತೆ ಕಲಂ 324(5) ಮತ್ತು 325. ಆರೋಪಿ ಅಪರಿಚಿತ. ಪ್ರತಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡ ಮೇಲೆಯೇ ರಾಯವ್ವ ಬುಟ್ಟಿ ಎತ್ತಿದಳು.

ಈ ಪ್ರಕರಣ ಅರ್ಥವಾಗಬೇಕಾದರೆ ಆ ಹೊಲದ ವಿಷಯ ತಿಳಿಯಬೇಕು. ರಾಯವ್ವನ ಮಾವನಿಗೆ ಸರ್ಕಾರದಿಂದ ಮೂರು ಎಕರೆ ಬಂದಿತ್ತು. ಬಂದಾಗ ಒಳ್ಳೆಯ ಎರೆಭೂಮಿಯೇ. ಘಟಪ್ರಭೆಯ ಕಾಲುವೆ ಬಂತು, ದಿಬ್ಬದ ಮೇಲಿನವರು ಕಬ್ಬು ಹಚ್ಚಿದರು, ನೀರು ಬಿಟ್ಟದ್ದೇ ಬಿಟ್ಟದ್ದು. ಕುಡಿದು ಮಿಕ್ಕ ನೀರು ನೆಲದೊಳಗಿನ ಉಪ್ಪನ್ನೆಲ್ಲ ಕರಗಿಸಿಕೊಂಡು ತಗ್ಗಿಗೆ ಇಳಿಯಿತು. ತಗ್ಗಿನಲ್ಲಿ ಯಾರ ಹೊಲವಿರುತ್ತದೆ ಎಂದು ಬೇರೆ ಹೇಳಬೇಕೆ? ಮೂರೂ ಎಕರೆ ಸವಳು ಹಿಡಿದು ಸುಣ್ಣ ಬಳಿದಂತೆ ಬೆಳ್ಳಗಾಯಿತು. ಇಪ್ಪತ್ತು ವರ್ಷ ಅಲ್ಲಿ ಹುಲ್ಲು ಸಹ ಹುಟ್ಟಲಿಲ್ಲ. ರಾಯವ್ವ ಅದೇ ದಿಬ್ಬದ ಮೇಲಿನ ಕಬ್ಬಿಗೆ ಕೂಲಿ ಹೋದಳು, ಅಂದರೆ ತನ್ನ ಹೊಲವನ್ನು ಕೆಡಿಸಿದ ಬೆಳೆಗೇ ಕಳೆ ತೆಗೆದಳು.

ನಂದಿನಿ ಪಿಯುಸಿ ಮುಗಿಸಿ ಕುಮಟಾದಲ್ಲಿ ಆರು ತಿಂಗಳು ಮೀನು ಸಾಕಣೆಯ ತರಬೇತಿ ಪಡೆದಳು. ಅಲ್ಲಿ ಸಮುದ್ರದ ನೀರು ನದಿಯ ನೀರಿಗೆ ಬೆರೆಯುವ ಗಜನಿ ಗದ್ದೆಗಳಲ್ಲಿ ಹೂಮೀನು ಬೆಳೆಯುವುದನ್ನು ಕಂಡಳು. ಈ ಮೀನಿಗೆ ಉಪ್ಪೆಂದರೆ ಹೆದರಿಕೆಯಿಲ್ಲ, ನೀರಿನ ಪಾಚಿ ತಿಂದು ದಪ್ಪಗಾಗುತ್ತದೆ. ಊರಿಗೆ ಬಂದು ಸವಳು ಹೊಲದ ಬಾವಿನೀರನ್ನು ಅಳೆದರೆ ಅದೂ ಹೆಚ್ಚುಕಡಿಮೆ ಅದೇ ಉಪ್ಪು. 2023ರ ಜೂನ್‌ನಲ್ಲಿ ತಾಯಿ ಮಗಳು ಸೇರಿ ಅರ್ಧ ಎಕರೆಗೆ ಹೊಂಡ ತೋಡಿಸಿದರು. ಆಮ್ಲಜನಕ ತುಂಬಿದ ಚೀಲದಲ್ಲಿ ಬೆರಳುದ್ದದ ಮರಿಗಳನ್ನು ತೊಡೆಯ ಮೇಲಿಟ್ಟುಕೊಂಡು ನಂದಿನಿ ಬಸ್ಸಿನಲ್ಲಿ ಬಂದಳು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ಫಸಲು ಸಂಕೇಶ್ವರದ ಮೇಲೆ ಕೊಲ್ಹಾಪುರಕ್ಕೆ ಹೋದ ಮೇಲೆ ನಗು ನಿಂತಿತು. ಎರಡನೆಯ ಸಲ ಹೂಮೀನಿನ ಜೊತೆ ಸಿಗಡಿಯನ್ನೂ ಬಿಟ್ಟಿದ್ದರು. ಇನ್ನು ಎಂಟು ದಿನದಲ್ಲಿ ಬಲೆ ಹಾಕುವುದಿತ್ತು.

ಬೆಳಿಗ್ಗೆ 9.30ಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ಬಂದ ಇಬ್ಬರು ಮೀನು ಮುಟ್ಟುವುದಿಲ್ಲ ಎಂದು ದೂರ ನಿಂತರು. “ಮುಟ್ಟಬ್ಯಾಡ್ರಿ, ನೋಡಿದ್ರ ಸಾಕು. ಕಣ್ಣಿಗೇನ ಮೈಲಿಗಿ ಆಗೂದಿಲ್ಲ,” ಎಂದರು ಲಗಮಪ್ಪ. ಬಲೆಯಿಂದ ತೆಗೆದು ದಂಡೆಗೆ ಹಾಕಿದ ಸತ್ತ ಹೂಮೀನು 1,140. ನೀರಿನ ಬಣ್ಣ ಕಂದು. ಅಂಚಿನಲ್ಲಿ ಸಾಬೂನು ಕಲಸಿದಂತೆ ನೊರೆ. ನೀರು ಎರಡು ಕ್ಯಾನು, ಮೀನು ಆರು, ಸೀಲು ಮಾಡಿ ಬೆಳಗಾವಿಯ ಪ್ರಯೋಗಾಲಯಕ್ಕೆ ಕಳಿಸುವುದೆಂದು ಬರೆದುಕೊಂಡರು.

ಹೊಂಡದ ಪೂರ್ವ ದಂಡೆಯ ಮೇಲೆ ಗಾಡಿಯ ಗುರುತು ಸಿಕ್ಕಿತು. ಸವಳು ಮಣ್ಣು ಮೇಲೆ ಹಪ್ಪಳ, ಒಳಗೆ ಹಿಟ್ಟು. ಕಾಲಿಟ್ಟರೆ ಹೆಜ್ಜೆ ಅಚ್ಚೊತ್ತುತ್ತದೆ. ಕಬ್ಬು ಸಾಗಿಸುವ ಟಾಯರ್ ಗಾಡಿಯ ಎರಡು ಚಕ್ರ. ಬಲಚಕ್ರದ ಟಾಯರಿಗೆ ಅಂಗೈಯಗಲದ ಪಟ್ಟಿ ಹಚ್ಚಿದ ಗುರುತಿತ್ತು.

“ಎತ್ತಿನ ಹೆಜ್ಜಿ ಎಲ್ಲಿ?” ಎಂದು ಕೇಳಿದರು ರಾಜೇಶ್ವರಿ.

ಲಗಮಪ್ಪ ಕೂತು ನೋಡಿದರು, ಎದ್ದು ನಡೆದು ನೋಡಿದರು. ಒಂದೂ ಗೊರಸಿನ ಗುರುತಿರಲಿಲ್ಲ. ಚಕ್ರಗಳ ನಡುವೆ ಎರಡು ಜೊತೆ ಮನುಷ್ಯರ ಹೆಜ್ಜೆ ಇತ್ತು. ಬಲಗಡೆಯದು ದೊಡ್ಡ ಚಪ್ಪಲಿ. ಎಡಗಡೆಯದು ಸಣ್ಣ ಬರಿಗಾಲು, ಹೆಬ್ಬೆರಳು ಆಳವಾಗಿ ಊರಿತ್ತು. ಫೋಟೋ ತೆಗೆದು, ಅಳತೆ ಬರೆದು, ಅಚ್ಚು ಹಾಕಿಸಿಕೊಂಡರು.

“ಎತ್ತ ಇಲ್ಲದವ್ರು ಯಾರೋ ಗಾಡಿ ಇಸಕೊಂಡ ಎಳದಾರ್ರಿ,” ಎಂದರು ಲಗಮಪ್ಪ. ರಾಜೇಶ್ವರಿಯವರಿಗೂ ಹಾಗೆಯೇ ಅನ್ನಿಸಿತು. ಇಬ್ಬರೂ ತಪ್ಪಿದ್ದರು. ಎರಡು ದಿನ ಈ ತಪ್ಪು ಅವರನ್ನು ಸುಮ್ಮನೆ ಅಲೆಸಿತು.

ಸಂಜೆ ನಾಲ್ಕಕ್ಕೆ ಊರ ಹಿರಿಯರು ನಾಲ್ಕು ಜನ ಠಾಣೆಗೆ ಬಂದರು. ರಾಯವ್ವ ಹೇಳಿಕೆ ಕೊಡಲು ಅಲ್ಲೇ ಕೂತಿದ್ದಳು. ಹಿರಿಯರು ಅವಳನ್ನು ನೋಡದವರಂತೆ ಪಿಎಸ್ಐ ಕಡೆ ತಿರುಗಿದರು.

“ನೀವು ನಮ್ಮ ಪೈಕಿನ ಅದೀರಿ ಮೇಡಮ್ಮಾರ. ಕೇಸ ಅಂತ ಊರ ಕೆಡೂದು ಬ್ಯಾಡ. ಆಕಿ ಲುಕ್ಸಾನ ನಾವ ತುಂಬಿಕೊಡತೇವಿ. ಹೊಂಡಾ ಮುಚ್ಚಿಬಿಡ್ಲಿ.”

“ಠಾಣೆದಾಗ ನಾ ಯಾರ ಪೈಕಿನೂ ಅಲ್ರಿ,” ಎಂದರು ರಾಜೇಶ್ವರಿ. “ಮುಚ್ಚೂದು ಬಿಡೂದು ಹೊಂಡದಾವ್ರನ್ನ ಕೇಳ್ರಿ. ಅಲ್ಲೇ ಕುಂತಾರ.”

ಹಿರಿಯರಲ್ಲೊಬ್ಬರು ಅವಳ ಕಡೆ ತಿರುಗಿದರು. “ಏನ ರಾಯವ್ವ?”

“ಮುಚ್ಚಿದ್ರ ನಾ ಎಲ್ಲಿಗೆ ಹೋಗ್ಲ್ರಿ?”

“ಎಲ್ಲಿಗೆ ಅಂದ್ರ? ಮೊದಲಿನಂಗ ನಮ್ಮ ಹೊಲಕ್ಕ ಬಾ. ಕೆಲಸಕ್ಕೇನ ಕಡಿಮಿ?”

“ಅದಕ್ಕ ಮುಚ್ಚಾಂಗಿಲ್ರಿ,” ಎಂದಳು ರಾಯವ್ವ.

ಅಷ್ಟೇ ಮಾತು. ಹಿರಿಯರು ಬಂದ ದಾರಿಯಲ್ಲೇ ಹೋದರು. ಹೊಂಡ ಉಳಿದರೆ ಅವಳು ಹೊಲದ ಒಡತಿ, ಹೋದರೆ ಮತ್ತೆ ಕುಡುಗೋಲು ಹಿಡಿದು ಬೇರೆಯವರ ಬದುವಿನ ಮೇಲೆ ನಿಲ್ಲುವ ಆಳು. ಕೋಣೆಯಲ್ಲಿದ್ದ ಎಲ್ಲರಿಗೂ ಇದು ಚೆನ್ನಾಗಿ ಗೊತ್ತಿತ್ತು.

ಏಪ್ರಿಲ್ 16, ಬುಧವಾರ, 11.00. ಗೋಕಾಕದಲ್ಲಿ ಮೀನುಗಾರಿಕೆ ಅಧಿಕಾರಿ ಮಾಯಾ ನಾಯ್ಕ ಐಸಿನಲ್ಲಿಟ್ಟು ತಂದ ಮೀನಿನ ಕಿವಿರು ಎತ್ತಿ ನೋಡಿದರು. ಅಂಕೋಲಾದವರು, ಮೀನಿನ ನಡುವೆಯೇ ಹುಟ್ಟಿ ಬೆಳೆದವರು.

“ಸಿಗಡಿ ಎಷ್ಟು ಸತ್ತಿದೆ?”

“ಸಿಗಡಿ?” ರಾಜೇಶ್ವರಿ ಪಂಚನಾಮೆ ತಿರುವಿದರು. ಸತ್ತ ಸಿಗಡಿಯ ಮಾತೇ ಅದರಲ್ಲಿರಲಿಲ್ಲ. ನಂದಿನಿಗೆ ಫೋನು ಹೋಯಿತು. ಹತ್ತು ನಿಮಿಷದಲ್ಲಿ ಅವಳು ವಿಡಿಯೊ ಕಳಿಸಿದಳು. ಬಲೆಯಲ್ಲಿ ಸಿಗಡಿಗಳು ಪಟಪಟ ಹಾರುತ್ತಿದ್ದವು.

“ಕೀಟನಾಶಕ ಅಲ್ಲ,” ಎಂದರು ಮಾಯಾ. “ಸಿಗಡಿ ಹುಳದ ಸಂಬಂಧಿ. ಕಬ್ಬಿಗೆ ಹೊಡೆಯೋ ಔಷಧ ಬಿದ್ದಿದ್ದರೆ ಮೊದಲು ಅದೇ ಸಾಯ್ತಿತ್ತು. ಇದು ಹಿಪ್ಪೆ ಹಿಂಡಿ.”

“ಹಿಂಡಿ ಅಂದ್ರ ಗೊಬ್ಬರಕ್ಕ ಹಾಕತಾರಲ್ರಿ?”

“ಅದೇ. ಹಿಪ್ಪೆ ಬೀಜದ ಎಣ್ಣೆ ತೆಗೆದ ಮೇಲೆ ಉಳಿಯೋದು. ಅದರಲ್ಲಿ ಸಾಬೂನಿನಂಥ ಅಂಶ ಇದೆ. ಕಿವಿರಿಗೆ ಹೋದರೆ ಮೀನಿನ ರಕ್ತ ಒಡೆಯುತ್ತೆ. ಸಿಗಡಿಯ ರಕ್ತವೇ ಬೇರೆ ಥರ, ಅದಕ್ಕೇನೂ ಆಗೋದಿಲ್ಲ. ಮರಿ ಬಿಡೋ ಮುಂಚೆ ಹೊಂಡದಲ್ಲಿ ಮರಿ ತಿನ್ನೋ ಕಳ್ಳ ಮೀನು ಉಳಿಯದ ಹಾಗೆ ನಾವೇ ಹಾಕಿಸ್ತೇವೆ. ಎರಡು ಮೂರು ವಾರಕ್ಕೆ ವಿಷ ಹೋಗಿ ಗೊಬ್ಬರ ಆಗುತ್ತೆ.”

“ಅರ್ಧ ಎಕರೆ ಹೊಂಡಕ್ಕ ಎಷ್ಟ ಬೇಕು?”

“ಏಳೆಂಟು ಚೀಲ. ನೆನೆಸಿ ಹಾಕಬೇಕು.”

ಗಾಡಿ ಯಾಕೆ ಬೇಕಾಯಿತು ಎಂಬುದು ತಿಳಿಯಿತು. ಇದನ್ನು ಬಲ್ಲವರು ಮೀನಿನ ಧಂದೆಯವರೇ ಇರಬೇಕು ಎಂದು ರಾಜೇಶ್ವರಿ ಲೆಕ್ಕ ಹಾಕಿದರು. ನಂದಿನಿ ಮೀನನ್ನು ಕೊಲ್ಹಾಪುರಕ್ಕೆ ಕಳಿಸತೊಡಗಿದ ಮೇಲೆ ಘಟಪ್ರಭಾದ ಮೀನು ವ್ಯಾಪಾರಿ ಲಖನ ಅವಳ ಜೊತೆ ಸಂತೆಯಲ್ಲೇ ಜಗಳವಾಡಿದ್ದ. ಅವನ ಹತ್ತಿರ ಎತ್ತೂ ಇರಲಿಲ್ಲ. ಮಧ್ಯಾಹ್ನ 3.00ಕ್ಕೆ ಅವನನ್ನು ಠಾಣೆಗೆ ಕರೆಸಿದರು.

“ಸೋಮವಾರ ಎಲ್ಲಿದ್ದಿ?”

“ಮೂಡಲಗಿ ಮೆರವಣಿಗ್ಯಾಗ್ರಿ. ಮುಂದ ನಿಶಾನಿ ಹಿಡದಾಂವ ನಾನ. ರಾಯವ್ವಕಾಕೂನ ನನಗ ನೀರ ಕುಡಸ್ಯಾಳು, ಕೇಳ್ರಿ.”

“ಜಗಳಾ ಯಾಕ ಮಾಡಿದಿ?”

“ಮೀನ ನನಗ ಕೊಡಲಿಲ್ಲ ಅಂತ್ರಿ. ಬೇಕ ಅಂತ ಜಗಳಾ ಆಡಿದ್ದನ್ನ ಯಾರರ ಕೊಲ್ಲತಾರೇನ್ರಿ? ಮ್ಯಾಲ ಸಿಗಡಿ ಅಷ್ಟೂ ಹೊಂಡದಾಗ ಬಿಟ್ಟ ಬರತಾರೇನ್ರಿ?”

ಮೆರವಣಿಗೆಯ ವಿಡಿಯೊದಲ್ಲಿ ಅವನ ಮುಖ ಬೆಳಿಗ್ಗೆಯಿಂದ ಸಂಜೆಯವರೆಗೆ ಇತ್ತು. ರಾಜೇಶ್ವರಿ ಅವನಿಗೆ ಚಹಾ ಕುಡಿಸಿ ಕಳಿಸಿದರು.

ಏಪ್ರಿಲ್ 17, ಗುರುವಾರ. ಬೆಳಿಗ್ಗೆ ಡ್ಯೂಟಿಗೆ ಬಂದ ಲಗಮಪ್ಪ ಟೋಪಿ ಸಹ ತೆಗೆಯದೆ ಪಿಎಸ್ಐ ಮುಂದೆ ನಿಂತರು.

“ಮೇಡಮ್ಮಾರ, ನಾವು ಉಲ್ಟಾ ಹುಡಕಾಕತ್ತೇವ್ರಿ.”

“ಹೆಂಗ?”

“ಎತ್ತ ಇಲ್ಲದವ್ರನ್ನ ಹುಡಕಾಕತ್ತೇವಿ. ಎತ್ತ ಇದ್ದವ್ರನ್ನ ಹುಡಕಬೇಕು. ಹದಿನಾಲ್ಕು ಯಾವ ವಾರ?”

“ಸೋಮವಾರ.”

“ಸೋಮವಾರ ಎತ್ತಿನ ಹೆಗಲ ಮ್ಯಾಲೆ ನೊಗಾ ಯಾರ ಇಡತಾರ್ರಿ?”

ರಾಜೇಶ್ವರಿ ಹಣೆ ಹಿಡಿದುಕೊಂಡರು. ಅವರ ಅಜ್ಜನ ಮನೆಯಲ್ಲೂ ಸೋಮವಾರ ಬಸವಣ್ಣನ ದಿನ. ಅಂದು ಎತ್ತಿಗೆ ಮೈ ತೊಳೆದು ಮೇವು ಹಾಕಿ ಬಿಡುವುದೇ ಹೊರತು ಹೂಡುವುದಿಲ್ಲ. ಒಮ್ಮೆ ಅಜ್ಜಿಗೆ ಜ್ವರ ಏರಿದಾಗಲೂ ಅಜ್ಜ, ಕಾಕಾ ಸೇರಿ ಗಾಡಿಯನ್ನು ಕೈಯಿಂದಲೇ ಎಳೆದು ದವಾಖಾನೆ ಮುಟ್ಟಿಸಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಎರಡು ದಿನ ಹೊಳೆಯಲಿಲ್ಲ. ಮೀನಿಗೆ ವಿಷ ಹಾಕುವವರಿಗೆ ಇಂಥ ನೇಮ ಇರಬಹುದೆಂದು ಯಾರು ನೆನೆಸುತ್ತಾರೆ? ರಾಯವ್ವನ ಓಣಿ ಖಾಲಿಯಾಗುವುದು ವರ್ಷಕ್ಕೆ ಒಂದೇ ದಿನ, ಈ ವರ್ಷ ಅದು ಸೋಮವಾರ ಬಂದಿತ್ತು. ಟ್ರ್ಯಾಕ್ಟರ್ ತಂದರೆ ಡ್ರೈವರ್ ಸಾಕ್ಷಿಯಾಗುತ್ತಾನೆ. ಎತ್ತು ಹೂಡುವಂತಿಲ್ಲ. ಉಳಿದದ್ದು ಸ್ವಂತ ಹೆಗಲು.

ರಾಜೇಶ್ವರಿ ಹೆಜ್ಜೆಯ ಫೋಟೋಗಳನ್ನು ಮತ್ತೆ ಹರಡಿಕೊಂಡರು. ಎಡಗಡೆಯ ಸಣ್ಣ ಪಾದದ ಎರಡನೆಯ ಬೆರಳ ಬುಡದಲ್ಲಿ ಒಂದು ಗೆರೆಯಿತ್ತು. ಪಂಚನಾಮೆಯಲ್ಲಿ ಲಗಮಪ್ಪ ಅದನ್ನು ‘ಹರಳು ಒತ್ತಿದ ಗುರುತು’ ಎಂದು ಬರೆದಿದ್ದರು. ಪ್ರತಿ ಹೆಜ್ಜೆಯಲ್ಲೂ ಅದೇ ಜಾಗದಲ್ಲಿ ಹರಳು ಒತ್ತುವುದು ಹೇಗೆ?

“ಇದು ಕಾಲುಂಗುರರೀ ಲಗಮಪ್ಪ. ಗಂಡಾ ಹೆಂಡತಿ ಎಳದಾರ.”

ಎತ್ತು, ಟಾಯರ್ ಗಾಡಿ ಎರಡೂ ಇರುವ ಮನೆ ಹೊಂಡಕ್ಕೆ ಹೋಗುವ ದಾರಿಯಲ್ಲಿ ಐದು. 11.30ಕ್ಕೆ ಗ್ರಾಮ ಪಂಚಾಯಿತಿಗೆ ಹೋಗಿ, ಹೊಂಡದ ವಿರುದ್ಧ ಯಾರಾದರೂ ಅರ್ಜಿ ಕೊಟ್ಟಿದ್ದರೇ ಎಂದು ಕೇಳಿದರು. ಒಂದು ಅರ್ಜಿ ಇತ್ತು. ಅರ್ಜಿದಾರರು ಕಾಶೆವ್ವ ಕೋಂ ಗುರುಲಿಂಗಪ್ಪ, ವಯಸ್ಸು ಐವತ್ತೈದು. ‘ಉಪ್ಪುನೀರಿನ ಹೊಂಡದಿಂದ ನನ್ನ ಎರಡು ಎಕರೆ ಹೊಲ ಸವಳಾಗುತ್ತಿದೆ. ಕಬ್ಬಿನ ಇಳುವರಿ ಕುಗ್ಗಿದ್ದರಿಂದ ಮಣ್ಣನ್ನು ಈ ಹಿಂದೆಯೇ ಪರೀಕ್ಷೆಗೆ ಕೊಟ್ಟಿದ್ದು ವರದಿ ಬಂದಿರುವುದಿಲ್ಲ.’ ಆ ಎರಡು ಎಕರೆ ಹೊಂಡದ ಪೂರ್ವ ದಂಡೆಗೆ ಹತ್ತಿಯೇ ಇತ್ತು. ಐದು ಮನೆಗಳಲ್ಲಿ ಅವಳ ಗಂಡ ಗುರುಲಿಂಗಪ್ಪನದೂ ಒಂದು.

2.15ಕ್ಕೆ ಮೂಡಲಗಿಯ ಒಂದು ಕಚೇರಿ. ಯಾವ ಕಚೇರಿ ಎಂದು ಬರೆದರೆ ಉಳಿದ ಕಚೇರಿಗಳು ನಮ್ಮನ್ನೇಕೆ ಬಿಟ್ಟಿರಿ ಎಂದು ಕೋಪಿಸಿಕೊಂಡಾವು, ಆದ್ದರಿಂದ ಬೇಡ. ಅಲ್ಲಿನ ಗುಮಾಸ್ತ ಕಪಾಟು ತೆಗೆದು, ಧೂಳು ಊದಿ, ಒಂದು ಕಟ್ಟು ಬಿಚ್ಚಿದ. ಕಾಶೆವ್ವನ ವರದಿ ಅದರಲ್ಲೇ ಇತ್ತು. ತಯಾರಾದ ದಿನಾಂಕ 9-2-2022.

“ಮೂರು ವರ್ಷ ಆತು. ಯಾಕ ಕೊಟ್ಟಿಲ್ಲ?”

“ಕಳಸೂ ಕಟ್ಟಿನ್ಯಾಗ ಇಡೂದು ಬಿಟ್ಟ ಬ್ಯಾರೆ ಕಟ್ಟಿನ್ಯಾಗ ಸೇರೇತ್ರಿ.”

“ಆಕಿ ಬಂದ ಕೇಳಿಲ್ಲೇನು?”

“ಬರತಿದ್ರು. ಇನ್ನೂ ಬಂದಿಲ್ಲ ಅಂತ ಹೇಳಿ ಕಳಸತಿದ್ವಿ.”

ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ. ರಾಜೇಶ್ವರಿ ನಿಂತಲ್ಲೇ ವರದಿಯನ್ನು ಎರಡು ಸಲ ಓದಿದರು. ಅವರಿಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗೆ ಕಲಂ ಇಲ್ಲ. ದೃಢೀಕೃತ ಪ್ರತಿ ತೆಗೆದುಕೊಂಡು ಸಹಿ ಮಾಡಿದರು.

ಏಪ್ರಿಲ್ 18, ಶುಕ್ರವಾರ. ಮೂಡಲಗಿ, ಗೋಕಾಕಗಳಲ್ಲಿ ಸುಳಿವು ಸಿಗದೆ ಹುಕ್ಕೇರಿಯಲ್ಲಿ ಗೊಬ್ಬರದ ಅಂಗಡಿಗಳನ್ನು ಒಂದೊಂದಾಗಿ ವಿಚಾರಿಸುತ್ತ ಹೋದರು. ಹಿಪ್ಪೆ ಹಿಂಡಿ ಮಾರುವ ಅಂಗಡಿ ಒಂದೇ. ಮಾಲೀಕ ಸುನೀಲನಿಗೆ ನೆನಪಿತ್ತು.

“ಎಂಟ ಚೀಲ ಒಯ್ದಾರ್ರಿ, ಹೋದ ಶುಕ್ರವಾರ. ನಮ್ಮ ಟೆಂಪೊದಾಗ ಕರಿಮಡ್ಡಿಗೆ ಮುಟ್ಟಿಸಿ ಬಂದೇವಿ. ಗಂಡಾ ಹೆಂಡತಿ ಬಂದಿದ್ರು. ಅಂವ ಮಾತಽ ಆಡಲಿಲ್ಲ, ಆಕೀನ ಎಲ್ಲಾ ಕೇಳಿದ್ಲು.”

“ಏನ ಕೇಳಿದ್ಲು?”

“ಮೀನದಾವ್ರು ಬಂದ್ರ ಎಷ್ಟ ಹಾಕಿದ್ರ ಸಾಯತಾವು ಅಂತ ಕೇಳತಾರ್ರಿ. ಈಕಿ ಇದರಿಂದ ಮಣ್ಣ ಕೆಡೂದಿಲ್ಲೇನು, ದನಾ ನೀರ ಕುಡದ್ರ ಏನಾಗತೈತಿ ಅಂತ ಮೂರ ಸಲ ಕೇಳಿದ್ಲು. ಅದಕ್ಕ ನೆನಪ ಉಳದೈತಿ.”

ವಾಪಸು ಬರುವಾಗ ಜೀಪಿನಲ್ಲಿ ರಾಜೇಶ್ವರಿ ಸುನೀಲನ ಮಾತನ್ನೇ ತಿರುವಿ ಹಾಕಿದರು. ಮಣ್ಣು ಕೆಡಬಾರದು, ದನ ಸಾಯಬಾರದು, ಸೋಮವಾರ ಎತ್ತು ದುಡಿಯಬಾರದು. ಇಷ್ಟು ಜಾಗ್ರತೆಯಿಂದ ಮಾಡಿದ ಅಪರಾಧವನ್ನು ಅವರು ಈವರೆಗೆ ಕಂಡಿರಲಿಲ್ಲ. ರಾಯವ್ವನ ಮೀನಿನ ಮೇಲೆ ಮಾತ್ರ ಈ ಜಾಗ್ರತೆ ಯಾರಿಗೂ ಬರಲಿಲ್ಲವಲ್ಲ ಎಂದು ಕೆಡುಕೆನಿಸಿತು.

ಏಪ್ರಿಲ್ 19, ಶನಿವಾರ, 10.15. ಗುರುಲಿಂಗಪ್ಪನ ಮನೆ. ಅಂಗಳದಲ್ಲಿ ಎರಡು ಬಿಳಿ ಎತ್ತು, ಪಕ್ಕದಲ್ಲಿ ಟಾಯರ್ ಗಾಡಿ. ಬಲಚಕ್ರಕ್ಕೆ ಅಂಗೈಯಗಲದ ಪಟ್ಟಿ. ಕಬ್ಬಿನ ಬೀಜ ಅದ್ದುವ ತೊಟ್ಟಿಯ ಗೋಡೆಗೆ ಕಂದು ನೊರೆ ಒಣಗಿ ಅಂಟಿತ್ತು. ಹಗ್ಗದ ಮೇಲೆ ಎಂಟು ಖಾಲಿ ಚೀಲ, ತೊಳೆದು ಒಣಹಾಕಿದ್ದವು. ಒಳ್ಳೆಯ ಚೀಲ ಸುಡಲು ಯಾರಿಗೆ ಮನಸ್ಸು ಬರುತ್ತದೆ? ಪಂಚರ ಮುಂದೆ ಎಲ್ಲವನ್ನೂ ಜಪ್ತಿ ಮಾಡಿದರು.

ಅರವತ್ತರ ಗುರುಲಿಂಗಪ್ಪ ಕಟ್ಟೆಯ ಮೇಲೆ ಕೂತು, ಕೇಳುವ ಮೊದಲೇ ಹೇಳಿದ.

“ನಾನ ಹಾಕೇನ್ರಿ. ನಾ ಒಬ್ಬನ.”

“ಗಾಡಿ ಯಾರ ಎಳದ್ರು?”

“ನಾ ಒಬ್ಬನ ಎಳದೇನಿ.”

“ಎಡಕ್ಕ ಕಾಲುಂಗುರ ಹಾಕ್ಕೊಂಡಾವ್ರು ಯಾರು?”

ಅಡಿಗೆಮನೆಯಿಂದ ಕಾಶೆವ್ವ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಬಂದಳು. ಸಣಕಲು ಹೆಂಗಸು. ನೆಟ್ಟಗೆ ಪಿಎಸ್ಐ ಎದುರು ನಿಂತಳು.

“ನೀವು ಸುಮ್ಮ ಕುಂಡ್ರ್ರಿ,” ಎಂದಳು ಗಂಡನಿಗೆ. “ಮೇಡಮ್ಮಾರ, ಎಡಕ್ಕ ನಾ ಇದ್ದೆ. ಹಿಂಡಿ ತಂದಾಕಿ ನಾನು, ನೆನಿ ಹಾಕಿದಾಕಿ ನಾನು. ಇವ್ರು ಬರೇ ಹೆಗಲ ಕೊಟ್ಟಾರು. ಮೊದಲ ನನ್ನ ಹೆಸರ ಬರೀರಿ.”

“ಹಿಂಡಿ ಹಾಕಿದ್ರ ಮೀನ ಸಾಯತಾವಂತ ಯಾರ ಹೇಳಿದ್ರು?”

“ಆಕಿ ಮಗಳಽ ಹೇಳ್ಯಾಳು. ಹೊಂಡಾ ತಗದಾಗ ಆಕೀನ ಹಾಕಿದ್ಲು. ಮಣ್ಣಿಗೆ ಏನೂ ಆಗೂದಿಲ್ಲ ಅಂದಿದ್ಲು. ಬದುವಿನ ಮ್ಯಾಲೆ ನಿಂತ ಕೇಳೇನಿ.”

“ಯಾಕ ಹಾಕಿದ್ರಿ?”

“ಆಕಿ ಉಪ್ಪ ನನ್ನ ಹೊಲಕ್ಕ ಬರಾಕತ್ತೈತಿ. ಎಲ್ಲಾ ಕಚೇರಿಗೂ ಅಡ್ಡಾಡಿದೆ. ಯಾರೂ ಕೇಳಲಿಲ್ಲ.”

ಈ ಕಲಂಗಳಿಗೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆ. ನೋಟಿಸು ಕೊಟ್ಟು, ವಿಚಾರಣೆಗೆ ಬನ್ನಿ ಎಂದು ಹೇಳಿ ಬಿಟ್ಟುಬಿಡಬಹುದು. ರಾಜೇಶ್ವರಿ ಗಂಡಹೆಂಡಿರಿಬ್ಬರಿಗೂ ನೋಟಿಸು ಬರೆದರು. ಗುರುಲಿಂಗಪ್ಪ ಸಹಿ ಮಾಡಿದ. ಕಾಶೆವ್ವ ಪೆನ್ನು ಮುಟ್ಟಲಿಲ್ಲ.

“ಸಹಿ ಮಾಡಿ ಮನ್ಯಾಗ ಇರ್ರಿ. ಮತ್ತ ಹಿಂಗ ಮಾಡೂದಿಲ್ಲ ಅಂತ ಬರಕೊಡ್ರಿ.”

“ಸುಳ್ಳ ಯಾಕ ಬರಕೊಡ್ಲಿ? ಆಕಿ ಮತ್ತ ಮೀನ ಬಿಟ್ರ ನಾ ಮತ್ತ ಹಾಕತೇನಿ.”

“ಹಂಗಂದ್ರ ಅರೆಸ್ಟ್ ಮಾಡಬೇಕಾಗತೈತಿ.”

“ಮಾಡ್ರಿ.”

10.50ಕ್ಕೆ ಬಂಧನ. ಕಾರಣದ ಅಂಕಣದಲ್ಲಿ ರಾಜೇಶ್ವರಿ ‘ಅದೇ ಅಪರಾಧವನ್ನು ಪುನಃ ಎಸಗುವುದಾಗಿ ತಾನೇ ಹೇಳಿರುತ್ತಾರೆ’ ಎಂದು ಬರೆದರು. ಕಾಶೆವ್ವ ಒಳಗೆ ಹೋಗಿ ಬೇರೆ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಎತ್ತಿಗೆ ನೀರು ತೋರಿಸಲು ಗಂಡನಿಗೆ ಹೇಳಿ ಜೀಪು ಹತ್ತಿದಳು.

ಮಧ್ಯಾಹ್ನ ಚೀಲ ಮತ್ತು ಗಾಡಿಯ ಬಗ್ಗೆ ಮರುಹೇಳಿಕೆಗೆಂದು ರಾಯವ್ವನನ್ನು ಠಾಣೆಗೆ ಕರೆಸಿದರು. ಅವಳು ಪರಿಶಿಷ್ಟ ಜಾತಿಯವಳಾದ್ದರಿಂದ ಕೇಳಲೇಬೇಕಾದ ಒಂದು ಪ್ರಶ್ನೆಯಿತ್ತು.

“ಕಾಶೆವ್ವ ಯಾವತ್ತರ ಜಾತಿ ಹಿಡದು ಏನರ ಅಂದಾರೇನ್ರಿ?”

“ಊರಾಗ ಅನ್ನಾವ್ರು ಅದಾರ್ರಿ, ಬೇಕಂದ್ರ ಅವ್ರ ಹೆಸರ ಕೊಡತೇನಿ. ಈಕಿ ಅಂದಿಲ್ಲ. ಅನ್ನದವ್ರ ಬಾಯಾಗ ನಾ ಮಾತ ಹಾಕಾಂಗಿಲ್ಲ.”

ಹೇಳಿಕೆ ಹಾಗೆಯೇ ದಾಖಲಾಯಿತು. ಆ ಅಂಶದ ಬಗ್ಗೆ ಡಿವೈಎಸ್ಪಿ ಅಭಿಪ್ರಾಯಕ್ಕೆ ಕಡತ ಕಳಿಸುವುದೆಂದು ಟಿಪ್ಪಣಿ ಬಿತ್ತು.

4.30. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಗಿತ್ತು. ರಾಜೇಶ್ವರಿ ಮೂಡಲಗಿಯಿಂದ ತಂದ ಪ್ರತಿಯನ್ನು ಕಾಶೆವ್ವನ ಮುಂದಿಟ್ಟರು. ಕಾನೂನಿನ ಪ್ರಕಾರ ಅದನ್ನು ತೋರಿಸಲೇಬೇಕೆಂದಿರಲಿಲ್ಲ. ಆದರೆ ಅದು ಅವಳ ಕಾಗದ.

ಕಾಶೆವ್ವ ಏಳನೆಯ ತರಗತಿಯವರೆಗೆ ಓದಿದವಳು. ಬೆರಳಿಟ್ಟು ಓದತೊಡಗಿದಳು. ಲವಣಾಂಶ ಅತಿ ಹೆಚ್ಚು. ಕಾರಣ, ಅಧಿಕ ನೀರಾವರಿ ಮತ್ತು ಬಸಿಯುವ ವ್ಯವಸ್ಥೆ ಇಲ್ಲದಿರುವುದು. ಸಲಹೆ, ಕಬ್ಬಿಗೆ ನೀರು ಕಡಿಮೆ ಮಾಡಿ ಬಸಿಗಾಲುವೆ ತೆಗೆಯಿರಿ. ಬೆರಳು ದಿನಾಂಕದ ಮೇಲೆ ಬಂದು ನಿಂತಿತು.

“ಹೊಂಡಾ ತಗದದ್ದು ಯಾವಾಗ?”

“ಇಪ್ಪತ್ಮೂರನೇ ಇಸವಿ ಜೂನ್.”

“ಇದು ಅದಕ್ಕೂ ಮೊದಲಿಂದು.”

“ಹೌದ್ರಿ. ಹೊಂಡಾ ತಗ್ಯಾಕಿಂತ ಮೊದಲ ನಿಮ್ಮ ಹೊಲಾ ಸವಳ ಆಗಿತ್ತು.”

“ಸುಳ್ಳು,” ಎಂದಳು ಕಾಶೆವ್ವ. ಮತ್ತೆ ಮೊದಲಿನಿಂದ ಓದಿದಳು. ತಾನು ಮೂವತ್ತು ವರ್ಷ ಕಬ್ಬಿಗೆ ಬಿಟ್ಟ ನೀರು ಎಲ್ಲಿ ಹೋಯಿತು, ಯಾರ ಹೊಲದ ಮೇಲೆ ಹೋಗಿ ಕೂತಿತು ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

“ಇದು ಆವಾಗ ನನ್ನ ಕೈಯಾಗ ಬಂದಿದ್ರ ಬಸಿಗಾಲುವಿ ತಗೀತಿದ್ದೆ. ಹನ್ನೊಂದ ಸಲ ಹೋಗೇನಿ ಆ ಕಚೇರಿಗೆ. ಬಂದಿಲ್ಲ ಅಂದ್ರು. ಹನ್ನೊಂದ ಸಲಾನೂ ಇದು ಅವ್ರ ಕಪಾಟನ್ಯಾಗ ಇತ್ತು.”

“ಇತ್ತು.”

ಕಾಶೆವ್ವ ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದಳು.

“ಹಂಗಾರ ನನ್ನದೂ ಒಂದ ಕಂಪ್ಲೇಂಟ್ ಬರಕೋರ್ರಿ. ಅವ್ರ ಮ್ಯಾಲೆ.”

ಲಗಮಪ್ಪ ಪಿಎಸ್ಐ ಮುಖ ನೋಡಿದರು. “ಕಸ್ಟಡಿದಾಗ ಇದ್ದಾವ್ರು ಕಂಪ್ಲೇಂಟ್ ಕೊಡೂದು ಅಂದ್ರ ಹೆಂಗ್ರಿ ಮೇಡಮ್ಮಾರ?”

“ಕೊಡಬಾರದು ಅಂತ ಎಲ್ಲೂ ಬರದಿಲ್ಲ,” ಎಂದು ರಾಜೇಶ್ವರಿ ಹೊಸ ಹಾಳೆ ತೆಗೆದುಕೊಂಡರು.

ಹೇಳಿಕೆ ಮುಗಿದ ಮೇಲೂ ಗೋಡೆ ಬದಿಯ ಬೆಂಚಿನಲ್ಲೇ ಕೂತಿದ್ದ ರಾಯವ್ವ ಎದ್ದು ಬಂದಳು. ಆ ದಿನ ಇಬ್ಬರೂ ಮೊದಲ ಸಲ ಮುಖಕ್ಕೆ ಮುಖ ನೋಡಿದರು.

“ಕಾಶೆವ್ವಾರ, ನನ್ನ ಕೇಸ ನಾ ಬಿಡಾಂಗಿಲ್ಲ.”

“ಬಿಡು ಅಂತ ನಾ ಕೇಳೇನೇನ?”

“ಕೇಳಿದ್ರೂ ಬಿಡತಿದ್ದಿಲ್ಲ. ಮುಂದಿನ ತಿಂಗಳ ನಂದಿನಿ ಮತ್ತ ಮರಿ ತರತಾಳು. ಆದ್ರ ಈ ಕಂಪ್ಲೇಂಟಿಗೆ ಸಾಕ್ಷಿ ಅಂತ ನನ್ನ ಹೆಸರ ಹಾಕಸ್ರಿ. ನಮ್ಮ ಮಣ್ಣೂ ಒಯ್ದಿದ್ರು ಅವ್ರು. ನಮಗೂ ಏನೂ ಹೇಳಲಿಲ್ಲ.”

ಕಾಶೆವ್ವ ತನ್ನ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ರಾಯವ್ವ ಪಕ್ಕದ ಕುರ್ಚಿಯಲ್ಲಿ ಕೂತಳು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಲಗಮಪ್ಪ ಹೋಗಿ ಅವನನ್ನು ಸುಮ್ಮನಿರಿಸಿ ಬಂದರು.

ರಾಜೇಶ್ವರಿ ಹಾಳೆಯ ಮೇಲ್ಗಡೆ ದಿನಾಂಕ ಹಾಕಿ, ಸಮಯ 4.55 ಎಂದು ಬರೆದರು.

“ಎಲ್ಲಿಂದ ಸುರು ಮಾಡ್ಲ್ರಿ?”

“ನಮ್ಮ ಅಪ್ಪ ಅರಿಷಿಣ ಕುಂಕುಮಕ್ಕಂತ ಆ ಎರಡ ಎಕರೆ ನನ್ನ ಹೆಸರಿಗೆ ಬರದ ದಿನದಿಂದ ಸುರು ಮಾಡ್ರಿ,” ಎಂದಳು ಕಾಶೆವ್ವ.